ಸಾಲ್ಡಾನಾದ ನೀರುಕಾಗೆ, ಕೆಲಗೇರಿಯ ನೆಂಟ

ಮುರ್ಮುಗೋವಾ ಬಂದರು, ಗೋವಾ

ತೀರ್ಥರೂಪ ಅಪ್ಪನವರಿಗೆ, ಮಾತೃಶ್ರೀ ಅವ್ವನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ದಕ್ಷಿಣ ಆಫ್ರಿಕಾದ ಸಾಲ್ಡಾನಾ ಬಂದರಿನಲ್ಲಿ ಶುರುಮಾಡಿದ ಪತ್ರವನ್ನು ಇಲ್ಲಿ ಮುಗಿಸುತ್ತಿದ್ದೇನೆ. ಧಾರವಾಡ ಇಷ್ಟು ಸಮೀಪವಿದ್ದರೂ ಹಡಗಿನಿಂದ ಇಳಿಯುವ ಹಾಗಿಲ್ಲ. ಪಕ್ಕಕ್ಕೆ ಬಂದ ಬಾರ್ಜಿನಲ್ಲಿ ಗದಗ ಕಡೆಯ ಹುಡುಗರಿದ್ದಾರೆ. "ಕೊಡ್ರಿ, ವಾಸ್ಕೋದಾಗ ಅಂಚೀಗೆ ಹಾಕ್ತೀವಿ" ಅಂದರು.

ಅಪ್ಪಾ, ನಿಮಗೆ ಒಂದು ಹಕ್ಕಿಯ ವಿಷಯ ಹೇಳಲೇಬೇಕು. ಸಾಲ್ಡಾನಾದ ಜೆಟ್ಟಿಯ ಮೇಲೆ ನೀರುಕಾಗೆಗಳು ಸಾಲಾಗಿ ಕೂತಿರುತ್ತವೆ. ಅವುಗಳಲ್ಲಿ ಒಂದು ಜಾತಿ ತೀರ ಚಿಕ್ಕದು: ಮೈಯೆಲ್ಲ ಕಪ್ಪು, ಕೆಂಪು ಕಣ್ಣು, ಹಣೆಯ ಮೇಲೆ ಪುಟ್ಟ ಜುಟ್ಟು. ಕ್ರೌನ್ಡ್ ಕಾರ್ಮೊರಂಟ್ ಅನ್ನುತ್ತಾರೆ. ನಮೀಬಿಯಾ ಮತ್ತು ದಕ್ಷಿಣ ಆಫ್ರಿಕಾದ ಕರಾವಳಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ದಡದ ಹತ್ತಿರದ ಉಪ್ಪುನೀರಿನಲ್ಲೇ ಮುಳುಗಿ ಸಣ್ಣ ಮೀನು ಹಿಡಿಯುತ್ತದೆ. 1855ರಲ್ಲಿ ಸ್ವೀಡನ್ನಿನ ವಾಲ್‌ಬರ್ಗ್ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟರು. ಮರುವರ್ಷ ಆಫ್ರಿಕಾದಲ್ಲೇ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರಂತೆ, ಪಾಪ.

ಆಮೇಲೆ ಕೆಲವರು ಇದನ್ನು ಅಲ್ಲಿನ ಕೆರೆ-ಹೊಳೆಗಳ ರೀಡ್ ಕಾರ್ಮೊರಂಟಿನ ಉಪಜಾತಿ ಎಂದು ಸೇರಿಸಿಬಿಟ್ಟಿದ್ದರು. ಅದಕ್ಕಿಂತ ಬಾಲ ಗಿಡ್ಡ, ವಾಸ ಸಮುದ್ರದಲ್ಲಿ ಮಾತ್ರ. ಬೇರೆ ಜಾತಿಯೆಂದು ಈಗ ಒಪ್ಪಿರುವುದೇ ಸರಿ ಅನ್ನಿಸುತ್ತದೆ ನನಗೆ. ಉಪಜಾತಿಯೆಂದು ಬರೆದಿಟ್ಟರೆ ಅದರ ಉಳಿವಿನ ಚಿಂತೆ ಯಾರು ಮಾಡುತ್ತಾರೆ?

ನನಗೆ ಹಿಡಿಸಿದ್ದು ಇನ್ನೊಂದು. ಹಿಂದೆ ನೀರುಕಾಗೆಗಳನ್ನೆಲ್ಲ ಫಲಾಕ್ರೊಕೊರಾಕ್ಸ್ ಎಂಬ ಒಂದೇ ಕುಲದಲ್ಲಿ ಇಡುತ್ತಿದ್ದರು. 1988ರಲ್ಲಿ ಮೂಳೆಗಳನ್ನು ಹೋಲಿಸಿ, 2014ರಲ್ಲಿ ಡಿಎನ್ಎ ನೋಡಿ ಅದನ್ನು ಒಡೆದರು. ಚಿಕ್ಕ ನೀರುಕಾಗೆಗಳು ಈಗ ಮೈಕ್ರೊಕಾರ್ಬೊ ಕುಲ. ಉಳಿದ ನೀರುಕಾಗೆಗಳಿಂದ ಎಲ್ಲಕ್ಕಿಂತ ಮೊದಲು ಕವಲೊಡೆದ ವಂಶ. ಅದರಲ್ಲಿರುವುದು ಐದೇ ಜಾತಿ. ಸಾಲ್ಡಾನಾದ್ದು ಮೈಕ್ರೊಕಾರ್ಬೊ ಕೊರೊನೇಟಸ್. ನಮ್ಮ ಕೆಲಗೇರಿ ಕೆರೆಯದು, ಇಲ್ಲಿ ಜುವಾರಿಯ ಗೂಟಗಳ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತ ಕೂತಿರುವುದು, ಮೈಕ್ರೊಕಾರ್ಬೊ ನೈಜರ್. ಸಾಲ್ಡಾನಾದ ಹಕ್ಕಿಗೆ ಪಕ್ಕದಲ್ಲೇ ಕೂತ ದೊಡ್ಡ ಕೇಪ್ ಕಾರ್ಮೊರಂಟ್ ದೂರದ ಬಳಗ, ನಮ್ಮ ಕೆರೆಯದು ಹತ್ತಿರದ ನೆಂಟ!

ನಿಮ್ಮ ಹಳೆಯ ಪುಸ್ತಕದಲ್ಲಿ ಇವು ಪೆಲಿಕನ್‌ಗಳ ಗಣದಲ್ಲಿವೆ. ಈಗ ಸುಲಿಫಾರ್ಮಿಸ್ ಎಂಬ ಬೇರೆ ಗಣ. ಹಾವಕ್ಕಿಯೂ ಅದರಲ್ಲೇ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟುಕೊಳ್ಳಿ.

ಮಳೆ ಹಿಡಿದ ಮೇಲೆ ಕೆಲಗೇರಿಯ ಮರಗಳಲ್ಲಿ ಅವು ಗೂಡು ಕಟ್ಟುತ್ತವೆಯೋ ನೋಡಿ ತಿಳಿಸಿ. ಆಗ ತಲೆಯ ಪಕ್ಕದಲ್ಲಿ ಸಣ್ಣ ಬಿಳಿ ಗರಿಗಳು ಮೂಡುತ್ತವೆ, ದುರ್ಬೀನಿನಲ್ಲಿ ಕಾಣಬೇಕು. ಅವ್ವಾ, ಮಂಡಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ಇಂತಿ ನಿಮ್ಮ ಮಗ