ಹೆಣ್ಣುಮಕ್ಕಳ ಕ್ಯಾಂಪಿಗೆ ರಾತ್ರಿ ವಾಪಸ್ ಕೊಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ಹೆಣ್ಮಕ್ಕಳ ಬೇಸಿಗೆ ಶಿಬಿರದ ಫೋಟೋ ಬಂದಿತ್ತು. ಎಲ್ರೂ ಒಂದೇ ಬಣ್ಣದ ಟೀಶರ್ಟ್ ಹಾಕ್ಕೊಂಡು ಬಲೂನ್ ಹಿಡ್ಕೊಂಡು ನಿಂತಿದ್ರು, ಕೆಳಗೆ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಅಂತ ಟೈಮಿಂಗ್ ಹಾಕಿದ್ರಿ. ನೋಡಿ ಖುಷಿ ಆಗ್ಬೇಕಿತ್ತು, ಯಾಕೋ ಹೊಟ್ಟೇಲಿ ಏನೋ ಕಲಸಿದಂಗಾಯ್ತು. ಸಂಜೆ 5ಕ್ಕೆ ಮನೆಗೆ ಹೋಗೋದಾದ್ರೆ ಅದನ್ನ ಕ್ಯಾಂಪ್ ಅಂತ ಯಾಕ್ರೀ ಕರೀಬೇಕು, ಟ್ಯೂಶನ್ ಅಂದ್ರೆ ಸಾಕಲ್ವಾ.

ನನ್ ಮಗಳಿಗೆ ಈಗ 13. ಅವಳು ಹೋಗೋ ಕ್ಯಾಂಪು (ಹೆಸರು ಬೇಡ, ಮಂಡ್ಯದವರೇ ನಡೆಸೋದು, ಒಳ್ಳೆ ಜನಾನೇ) ಹೋದ ವರ್ಷದವರೆಗೂ ಮೂರು ರಾತ್ರಿ ಇರ್ತಿತ್ತು. ಈ ಸಲ ಮೂರು ಹಗಲು ಮಾಡಿದ್ರು. ಯಾಕೆ ಅಂತ ಕೇಳಿದ್ರೆ ಪೇರೆಂಟ್ಸ್ ಒಪ್ತಿಲ್ಲ ಅಂದ್ರು. ಇಲ್ಲಿ ಒಂದ್ ಮಾತು ಒಪ್ಕೋಬೇಕು, ಆ ಪೇರೆಂಟ್ಸಲ್ಲಿ ನಾನೂ ಒಬ್ಳು. ಹೋದ ವರ್ಷ ರಾತ್ರಿ ಹತ್ತೂವರೆಗೆ ನಾಲ್ಕನೇ ಸಲ ಫೋನ್ ಮಾಡಿ, ಮಗು ಮಲಗಿದ್ಳಾ, ಬೆಡ್‌ಶೀಟ್ ಹೊದ್ಕೊಂಡಿದ್ಳಾ ಅಂತ ಕೇಳಿದವಳು ನಾನೇ. ವಾಟ್ಸಾಪ್ ಗ್ರೂಪಲ್ಲಿ ಅರ್ಧ ಗಂಟೆ ಫೋಟೋ ಬರ್ಲಿಲ್ಲ ಅಂದ್ರೆ ಎಲ್ರೂ ಪ್ರಶ್ನೆ ಚಿಹ್ನೆ ಹಾಕೋಕೆ ಶುರು ಮಾಡ್ತಿದ್ವಿ. ಪಾಪ ಅವರಾದ್ರೂ ಏನ್ ಮಾಡ್ತಾರೆ, ರಾತ್ರಿನೇ ತೆಗೆದ್ಹಾಕಿದ್ರು.

ಈ ಸಲದ ಕ್ಯಾಂಪಿನ ಕೊನೇ ದಿನ ಸಂಜೆ ನಮ್ಮನ್ನೆಲ್ಲ ಕರೆದಿದ್ರು, ಕ್ಯಾಂಪ್ ಫೈರ್ ಇದೆ ಬನ್ನಿ ಅಂತ. ಹೋಗಿ ನೋಡಿದ್ರೆ ಮಧ್ಯದಲ್ಲಿ ಒಂದು ಬುಟ್ಟಿ, ಅದರೊಳಗೆ ಫ್ಯಾನು, ಫ್ಯಾನ್ ಗಾಳಿಗೆ ಕೆಂಪು ಬಟ್ಟೆ ಪಟಪಟ ಅಂತ ಹಾರಾಡ್ತಿದೆ, ಕೆಳಗಿಂದ ಆರೆಂಜ್ ಬಲ್ಬು. ಅದರ ಸುತ್ತ ಡೀಜೆ. ಮಕ್ಕಳು ಕುಣೀತಿದ್ರು, ಇಲ್ಲ ಅನ್ನಲ್ಲ. ಅಷ್ಟರಲ್ಲಿ ಕರೆಂಟ್ ಹೋಯ್ತು. ಬೆಂಕಿ ಹಂಗೇ ಬುಟ್ಟಿ ಒಳಗೆ ಮುದುಡಿಕೊಂಡು ಬಿತ್ತು. ಹಿಂದೆ ಕೂತಿದ್ದ ಯಾರೋ ಅಜ್ಜಿ "ಅಯ್ಯೋ, ಬೆಂಕಿಗೂ ಕೆಇಬಿ ಬೇಕೇನವ್ವ" ಅಂದ್ರು, ಎಲ್ರೂ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಮನೆಗೆ ಬರ್ತಾ ದಾರೀಲಿ ಮಾತ್ರ ನಗು ಬರ್ಲಿಲ್ಲ.

ನಾನು ಮೊದಲನೇ ಸಲ ಕ್ಯಾಂಪಿಗೆ ಹೋಗಿದ್ದು 1992ರ ಏಪ್ರಿಲ್‌ನಲ್ಲಿ, ಎಂಟನೇ ಕ್ಲಾಸ್ ಪರೀಕ್ಷೆ ಮುಗಿದ ಮೇಲೆ, ಮೇಲುಕೋಟೆಗೆ. ಗೈಡ್ಸ್ (ಹುಡುಗರಿಗೆ ಸ್ಕೌಟ್ಸ್ ಇದ್ದಂಗೆ ಹೆಣ್ಮಕ್ಕಳಿಗೆ ಗೈಡ್ಸ್) ಕ್ಯಾಂಪು, ನಾಲ್ಕು ರಾತ್ರಿ. ನಮ್ಮಜ್ಜಿ ಅಪ್ಪನ್ನ ಹಿಡ್ಕೊಂಡು ಬೈದಿದ್ದು ಇವತ್ತಿಗೂ ನೆನಪಿದೆ, "ಏನ್ಲಾ, ಮೈನೆರ್ದಿರೋ ಹೆಣ್ ಹೈಕ್ಳ ಬೆಟ್ಟದ್ ಮ್ಯಾಲೆ ಮಲಗ್ಸಕ್ಕೆ ಕಳುಸ್ತಿದ್ದೀಯಲ್ಲ, ಬುದ್ದಿ ನೆಟ್ಟಗೈತಾ ನಿಂಗೆ". ಅಪ್ಪ "ಟೀಚರಮ್ಮನೂ ಜೊತೇಲೇ ಮಲಗ್ತಾರಂತೆ ಬುಡವ್ವ" ಅಂದು ಸೈನ್ ಹಾಕಿ ಕಳಿಸಿದ್ರು. ಜಕ್ಕನಹಳ್ಳಿ ದಾಟಿ ಬಸ್ಸು ಮೇಲುಕೋಟೆ ಕಡೆ ತಿರುಗಿದಾಗ ಬೆಟ್ಟದ ತುದೀಲಿ ಯೋಗನರಸಿಂಹನ ಗುಡಿ ಕಂಡಿದ್ದೇ ತಡ ಬಸ್ಸಲ್ಲಿದ್ದ ಅಷ್ಟೂ ಜನ ಕೂಗಿದ್ವಿ, ಯಾಕೆ ಕೂಗಿದ್ವಿ ಅಂತ ಕೇಳಿದ್ರೆ ಗೊತ್ತಿಲ್ಲ, ಮನೇಲಿ ಯಾವತ್ತೂ ಅಷ್ಟು ಜೋರಾಗಿ ಕೂಗಿರ್ಲಿಲ್ಲ ಅಷ್ಟೆ.

ಗೈಡ್ಸಲ್ಲಿ ಪೆಟ್ರೋಲ್ ಅಂತ ಗುಂಪು ಮಾಡ್ತಾರೆ, ಹೂವಿನ ಹೆಸರು ಇಡ್ತಾರೆ. ನಮ್ದು ಮಲ್ಲಿಗೆ. ಪ್ರತಿ ಪೆಟ್ರೋಲಿಗೂ ಮೂರು ಕಲ್ಲಿನ ಒಲೆ, ನಮ್ಮ ಅಡುಗೆ ನಾವೇ ಮಾಡ್ಕೋಬೇಕು. ಪಾತ್ರೆ ಒಲೆಗಿಡೋ ಮುಂಚೆ ಹೊರಗಡೆ ಎಲ್ಲ ತೆಳ್ಳಗೆ ಮಣ್ಣು ಕಲಸಿ ಮೆತ್ತಬೇಕು, ಆಗ ಮಸಿ ಮಣ್ಣಿಗೆ ಹಿಡಿಯುತ್ತೆ, ತೊಳೆಯುವಾಗ ಸರಕ್ ಅಂತ ಉದುರಿ ಹೋಗುತ್ತೆ. ಇದನ್ನ ಹೇಳ್ಕೊಡೋದು ಟೀಚರ್ ಅಲ್ಲ, ಹಿಂದಿನ ವರ್ಷ ಬಂದಿದ್ದ ಅಕ್ಕಂದಿರು. ಕೋಲು, ಹಗ್ಗ ಕಟ್ಟಿ ಚಪ್ಪಲಿ ಸ್ಟ್ಯಾಂಡು, ಪಾತ್ರೆ ಸ್ಟ್ಯಾಂಡು ಮಾಡೋದು, ಅದಕ್ಕೆ ಗ್ಯಾಜೆಟ್ ಅಂತೀವಿ, ಈಗಿನ ಮಕ್ಕಳ ಗ್ಯಾಜೆಟ್ ಅಲ್ಲ. ಎಡಗೈಲಿ ಕೈಕುಲುಕೋದು. ಕ್ಯಾಂಪ್ ಫೈರ್ ಮುಗಿದ ಮೇಲೆ ಟೆಂಟಿಗೆ ಹೋಗೋವರೆಗೂ ಯಾರೂ ಒಂದಕ್ಷರ ಮಾತಾಡಂಗಿಲ್ಲ, ಹೊಟ್ಟೇಲಿ ನಗು ಉಕ್ಕಿ ಬರ್ತಿದ್ರೂ ತುಟಿ ಕಚ್ಕೊಂಡು ನಡೀಬೇಕು. ಮಳೆ ಚಪ್ಪಾಳೆ ಅಂತೂ ಮರೆಯೋಕೇ ಆಗಲ್ಲ. ಮೊದಲು ಒಂದು ಬೆರಳು ಅಂಗೈಗೆ ತಟ್ಟೋದು, ಆಮೇಲೆ ಎರಡು, ಮೂರು, ನಾಲ್ಕು, ಆಮೇಲೆ ಪೂರ್ತಿ ಕೈ, ಮತ್ತೆ ಹಂಗೇ ಕಮ್ಮಿ ಮಾಡ್ಕೊಂಡು ಬರೋದು. ಕಣ್ಣು ಮುಚ್ಕೊಂಡ್ರೆ ಮಳೆ ದೂರದಿಂದ ಬಂದು ನಮ್ಮ ಮೇಲೆ ಸುರಿದು ಆಚೆ ಕಡೆ ಹೋದಂಗೇ ಇರ್ತಿತ್ತು. ಬಿರುಬೇಸಿಗೇಲಿ ಮೇಲುಕೋಟೆ ಬಂಡೆ ಮೇಲೆ ಕೂತು ನಾವು ಮಳೆ ಬರ್ಸಿದ್ದು ಹಿಂಗೆ.

ಎರಡನೇ ದಿನ ನಾನು ಮುಟ್ಟಾದೆ. ಪೇಪರಲ್ಲಿ ಇದನ್ನ ಬರೀಬೇಕಾ ಅಂತ ಎರಡು ದಿನ ಯೋಚನೆ ಮಾಡ್ದೆ, ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ನನಗೆ ಕ್ಯಾಂಪ್ ಅಂದ್ರೆ ಇದೇ. ನಾನು ದೊಡ್ಡೋಳಾಗಿ ಆಗ ನಾಲ್ಕು ತಿಂಗಳಾಗಿತ್ತು, ಊರಲ್ಲಿ ಸೋದರಮಾವ ಬಂದು ತೆಂಗಿನ ಗರಿ ಗುಡ್ಲು ಹಾಕಿ ಅದರೊಳಗೆ ಕೂರಿಸಿದ್ರು. ಆಮೇಲೂ ಪ್ರತಿ ತಿಂಗಳು ಮೂರು ದಿನ ಜಗಲೀಲಿ ಚಾಪೆ, ಬೇರೆ ತಟ್ಟೆ ಬೇರೆ ಲೋಟ. ಹಂಗಾಗಿ ಮೇಲುಕೋಟೇಲೂ ನಾನು ಯಾರಿಗೂ ಹೇಳ್ದೆ ಹೋಗಿ ಜಗಲೀಲಿ ಕೂತ್ಕೊಂಡೆ. ಊಟಕ್ಕೆ ಸೀಟಿ ಹೊಡೆದ್ರೂ ಏಳ್ಲಿಲ್ಲ. ನಮ್ಮ ಪೆಟ್ರೋಲ್ ಲೀಡರ್ ಅಕ್ಕ, ಹತ್ತನೇ ಕ್ಲಾಸು, ಬಂದು ಒಂದ್ಸಲ ಮುಖ ನೋಡಿದ್ಲು. ಏನೂ ಕೇಳ್ಲಿಲ್ಲ. ಒಳಗಿಂದ ಒಂದು ಬಿಸ್ಕತ್ ಡಬ್ಬಿ ತಂದು ಕೈಗಿಟ್ಲು, ಹೋಗಿ ಬಾ ಅಂದ್ಲು. ವಾಪಸ್ ಬಂದಾಗ ರಟ್ಟೆ ಹಿಡ್ಕೊಂಡು ಸೀದಾ ಒಲೆ ಹತ್ರ ಕರ್ಕೊಂಡು ಹೋಗಿ ಸೌಟು ಕೈಗೆ ಕೊಟ್ಟು "ಸಾರು ತಳ ಹತ್ತುತ್ತೆ, ತಿರುಗ್ಸು" ಅಂದ್ಲು. ಅಷ್ಟೆ. ನನ್ನ ಕೈ ನಡುಗ್ತಿತ್ತು. ಆ ಸಾರನ್ನ ಎಲ್ರೂ ಉಂಡ್ರು, ನಮ್ಮ ಗೈಡ್ ಕ್ಯಾಪ್ಟನ್ ಟೀಚರೂ ಉಂಡ್ರು, ಅವರು ಮನೇಲಿ ಎಂಥ ಮಡಿ ಅಂತ ಊರಿಗೆಲ್ಲ ಗೊತ್ತಿತ್ತು. ಉಪ್ಪು ಜಾಸ್ತಿ ಆಗಿತ್ತು ಅಂತ ಮಾತ್ರ ಬೈದ್ರು.

ಆ ಡಬ್ಬೀಲಿ ಏನಿತ್ತು ಅಂದ್ರೆ ಒಗೆದು ಮಡಚಿಟ್ಟ ಹತ್ತಿ ಬಟ್ಟೆ, ಎರಡು ಪ್ಯಾಡು (ಆಗ ಅದು ದುಬಾರಿ, ನಾನು ನೋಡಿದ್ದೇ ಮೊದಲು), ಪಿನ್ನು, ಒಂದು ಹಿಡಿ ಬೆಲ್ಲ, ಹೊಟ್ಟೆನೋವಿಗೆ ಓಮ. ಜೊತೆಗೆ ಪೇಪರಲ್ಲಿ ಕಟ್ಟಿದ ಒಂದು ಪೊಟ್ಟಣ ಬೂದಿ. ಹಿಂದಿನ ವರ್ಷದ ಕ್ಯಾಂಪ್ ಫೈರಿನ ಬೂದಿ ಅದು, ಈ ವರ್ಷದ ಬೆಂಕಿ ಹಚ್ಚೋ ಮುಂಚೆ ಅದಕ್ಕೆ ಹಾಕೋದು, ಮತ್ತೆ ಈ ವರ್ಷದ್ದು ಒಂದು ಹಿಡಿ ಕಟ್ಟಿಡೋದು, ಸ್ಕೌಟ್ಸ್ ಗೈಡ್ಸಲ್ಲಿ ಬೇರೆ ದೇಶಗಳಲ್ಲೂ ಈ ಪದ್ಧತಿ ಇದೆ. ಒಂದು ವರ್ಷ ಡಬ್ಬಿ ಇಟ್ಕೊಂಡಿದ್ದ ಹುಡುಗಿಯ ಅಮ್ಮ ಅದನ್ನ ಮೇಲುಕೋಟೆ ಪ್ರಸಾದ ಅಂದ್ಕೊಂಡು ದಿನಾ ಹಣೆಗೆ ಹಚ್ಕೊಂಡು ಅರ್ಧ ಖಾಲಿ ಮಾಡಿದ್ರು. ಮೇಲುಕೋಟೆ ಚೆಲುವನಾರಾಯಣನ ಗುಡೀಲಿ ವಿಭೂತಿ ಎಲ್ಲಿ ಕೊಡ್ತಾರೆ ಅಂತ ಆಯಮ್ಮನಿಗೂ ಹೊಳೀಲಿಲ್ಲ! ಡಬ್ಬಿ ಮುಚ್ಚಳದ ಒಳಗಡೆ ಪ್ರತಿ ವರ್ಷದ ಲೀಡರ್ ಪಿನ್ನಲ್ಲಿ ಕೆರೆದು ತನ್ನ ಹೆಸರು, ಇಸವಿ ಬರೀಬೇಕು. ಮೊದಲನೇ ಹೆಸರು 1989ರದ್ದು. ನನ್ನ ಹೆಸರು 1994ರಲ್ಲಿ, ಅಕ್ಷರ ಸೊಟ್ಟ.

ಈ ಡಬ್ಬಿ ಯಾರೂ ಸರ್ಕ್ಯುಲರ್ ಹೊರಡಿಸಿ ಮಾಡಿದ್ದಲ್ಲ ನೋಡಿ. ಹೆಣ್ಮಕ್ಕಳೇ ಮಾಡ್ಕೊಂಡಿದ್ದು. ಗೈಡ್ಸ್ ಶುರುವಾಗಿದ್ದೇ ಹಂಗಲ್ವಾ. ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಕ್ಯಾಂಪ್ ಮಾಡಿದ್ದು ಬರೀ ಹುಡುಗ್ರಿಗೆ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಲ್ಲಿ ಸ್ಕೌಟ್ ಹುಡುಗರ ದೊಡ್ಡ ಮೇಳ ಆದಾಗ ಒಂದಷ್ಟು ಹುಡುಗೀರು ಕರೀದೇನೇ ಬಂದು ನಿಂತ್ಕೊಂಡ್ರು, ನಾವೂ ಸ್ಕೌಟ್ಸೇ ಅಂತ. ಮಾರನೇ ವರ್ಷವೇ ಗರ್ಲ್ ಗೈಡ್ಸ್ ಶುರುವಾಯ್ತು, ನೋಡ್ಕೊಳ್ಳೋಕೆ ಪೊವೆಲ್ ಅವರ ತಂಗಿ ಆಗ್ನೆಸ್ ನಿಂತ್ರು. ನಮ್ಮ ದೇಶಕ್ಕೆ 1911ರಲ್ಲೇ ಬಂತು, ಜಬಲ್ಪುರಕ್ಕೆ. ಪುಣೇಲಿ 1966ರಿಂದ ಸಂಗಮ್ ಅಂತ ಗೈಡ್ಸ್ ವಿಶ್ವಕೇಂದ್ರ ಇದೆ, ಪ್ರಪಂಚದ ಎಲ್ಲಾ ಕಡೆಯಿಂದ ಹೆಣ್ಮಕ್ಕಳು ಬಂದು ಉಳ್ಕೋತಾರೆ. ಅಷ್ಟು ದೂರದಿಂದ ಬಂದು ಪುಣೇಲಿ ಮಲಗ್ತಾರೆ, ನಮ್ಮ ಮಕ್ಕಳು ಮಂಡ್ಯದಿಂದ ಮೇಲುಕೋಟೆಗೆ ಹೋಗಿ ಮಲಗಂಗಿಲ್ಲ.

ನಮ್ಮ ಚಿಕ್ಕಮ್ಮನ ಮಗಳು ನ್ಯೂಜೆರ್ಸೀಲಿದ್ದಾಳೆ. ಅವಳ ಮಗಳನ್ನ ಪ್ರತಿ ಬೇಸಿಗೆ ಮೇಯ್ನ್ ರಾಜ್ಯದ ಒಂದು ಹೆಣ್ಮಕ್ಕಳ ಕ್ಯಾಂಪಿಗೆ ಕಳಿಸ್ತಾಳೆ, ಏಳು ವಾರ! ಫೋನ್ ಕೈಗೆ ಕೊಡಲ್ಲ, ಕಾಗದ ಬರೀಬೇಕು. ಇಡೀ ಕ್ಯಾಂಪು ಎರಡು ಬಣ್ಣದ ಟೀಮಾಗಿ ದಿನಗಟ್ಟಲೆ ಪೈಪೋಟಿ ಮಾಡ್ತಾರಂತೆ, ಕೊನೇ ರಾತ್ರಿ ಮರದ ಚೂರಿನ ಮೇಲೆ ಮೇಣದಬತ್ತಿ ಅಂಟಿಸಿ ಕೆರೇಲಿ ತೇಲಿಬಿಡ್ತಾರಂತೆ, ನಮ್ಮ ಕಾರ್ತೀಕದ ದೀಪದ ಥರಾನೇ. ಬೆಂಕೀಲಿ ಮಾರ್ಷ್‌ಮೆಲೋ ಸುಟ್ಟು ಚಾಕೊಲೇಟ್ ಜೊತೆ ಬಿಸ್ಕತ್ತಿನ ಮಧ್ಯ ಇಟ್ಟು ತಿನ್ನೋದು, 1927ರಲ್ಲೇ ಅಲ್ಲಿನ ಗರ್ಲ್ ಸ್ಕೌಟ್ಸ್ ಪುಸ್ತಕದಲ್ಲಿ ಅದರ ರೆಸಿಪಿ ಬಂದಿತ್ತಂತೆ. ನಾವು ಕೆಂಡದಲ್ಲಿ ಗೆಣಸು ಸುಟ್ಟು ಬೆಲ್ಲ ಹಚ್ಕೊಂಡು ತಿಂತಿದ್ವಿ, ನನ್ನ ಕೇಳಿದ್ರೆ ಗೆಣಸೇ ಮೇಲು. ಏಳು ವಾರ ಇಲ್ಲಿ ಆಗಲ್ಲ, ಅವರ ಫೀಸೂ ನಮಗಾಗಲ್ಲ, ಅದೆಲ್ಲ ಬಿಡಿ. ಅಲ್ಲಿ ಅಮ್ಮಂದಿರೂ ಅದೇ ಕ್ಯಾಂಪಿಗೆ ಹೋದೋರು ಇರ್ತಾರಂತೆ, ಅಮ್ಮನ ಹೆಸರು ಗೋಡೆ ಮೇಲಿರೋ ರೂಮಲ್ಲೇ ಮಗಳು ಮಲಗ್ತಾಳೆ ಅಂದ್ಲು. ಅದು ಕೇಳಿದಾಗ ಮಾತ್ರ ಹೊಟ್ಟೆಕಿಚ್ಚಾಯ್ತು, ಯಾಕೆ ಅಂತ ನಿಮಗೆ ಅರ್ಥ ಆಗಿರುತ್ತೆ.

ಹಗಲು ಶಿಬಿರ ಬೇಡ ಅಂತ ನಾನು ಹೇಳ್ತಿಲ್ಲ. ಮೈಸೂರು ರಂಗಾಯಣದ ಚಿಣ್ಣರ ಮೇಳ ಹಗಲಲ್ಲೇ ನಡಿಯೋದು, ಅದರಷ್ಟು ಚೆನ್ನಾಗಿರೋದು ಇನ್ನೊಂದಿಲ್ಲ, ಆದ್ರೆ ಅದು ನಾಟಕದ ಮೇಳ, ಅದರ ಸೊಗಸೇ ಬೇರೆ. ನಾನು ಕೇಳ್ತಿರೋದು ಇಷ್ಟೇ, ನಮ್ಮ ಕಡೆ ಹೆಣ್ಮಗು ಮನೆಯಿಂದ ಹೊರಗೆ ರಾತ್ರಿ ಕಳೆಯೋದು ಯಾವಾಗ ಹೇಳಿ. ಮದುವೆ ಮನೇಲಿ ಚೌಟ್ರಿಲಿ ಅತ್ತೆ ಚಿಕ್ಕಮ್ಮಂದಿರ ಪಕ್ಕ, ಇಲ್ಲಾಂದ್ರೆ ಅಜ್ಜಿ ಊರಲ್ಲಿ. ಆಮೇಲೆ ಒಂದೇ ಸಲ ಪಿಯುಸಿಗೋ ಇಂಜಿನಿಯರಿಂಗಿಗೋ ಮೈಸೂರು ಬೆಂಗಳೂರು ಹಾಸ್ಟೆಲಿಗೆ ಹಾಕಿ ಬರ್ತೀವಿ, ಮೊದಲನೇ ವಾರ ಬಾತ್ರೂಮಲ್ಲಿ ಅತ್ಕೊಂಡು ಫೋನ್ ಮಾಡ್ತಾರೆ. ಹಗಲೆಲ್ಲ ದೊಡ್ಡವರ ಕೈಲಿ, ಟೈಮ್‌ಟೇಬಲ್ ಕೈಲಿ. ಡಬ್ಬಿ, ಬೂದಿ, ಮಾತಾಡ್ದೆ ನಡಿಯೋದು, ಅಕ್ಕ ತಂಗಿಗೆ ಹೇಳ್ಕೊಡೋದು ಇದೆಲ್ಲ ಟೀಚರು ಲೈಟ್ ಆರಿಸಿ ಹೋದ ಮೇಲಿನದ್ದು. ರಾತ್ರಿ ತೆಗೆದ್ರೆ ಅದೂ ಹೋಯ್ತು.

ಭಯ ಸುಳ್ಳಲ್ಲ. ಕಾಲ ಕೆಟ್ಟಿದೆ ಅನ್ನೋದಕ್ಕಿಂತ ಆಗಲೂ ಕೆಟ್ಟದ್ದು ನಡೀತಿತ್ತು, ಹೇಳ್ಕೊಳ್ಳೋಕೆ ಜಾಗ ಇರ್ಲಿಲ್ಲ, ಈಗ ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ 2012ರ ಪೋಕ್ಸೋ ಕಾಯ್ದೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ. ರಾತ್ರಿ ಪಾಳಿ ಮೇಲೆ ಎಚ್ಚರ ಇರೋಕೆ ಇಬ್ಬರು ಮೇಡಂಗಳು, ಗೇಟಿಗೆ ಬೀಗ, ಹತ್ತಿರದ ಆಸ್ಪತ್ರೆಗೆ ಮೊದಲೇ ಹೇಳಿಡೋದು, ಕಲ್ಯಾಣಿಗೂ ನಾಲೆಗೂ ಯಾರೂ ಇಳಿಯಂಗಿಲ್ಲ. ನಮ್ಮ ಕ್ಯಾಪ್ಟನ್ ಕಲ್ಯಾಣಿ ಮೆಟ್ಟಿಲ ಮೇಲೆ ಕಾಲು ಇಡೋಕೂ ಬಿಡ್ತಿರ್ಲಿಲ್ಲ, ನಾವು ಶಾಪ ಹಾಕಿದ್ವಿ, ಇವತ್ತು ಕೈ ಮುಗಿತೀನಿ. ಅಮ್ಮಂದಿರಿಗೆ ದಿನಕ್ಕೆ ಒಂದು ಮೆಸೇಜು, ರಾತ್ರಿ ಎಂಟಕ್ಕೆ, ಎಲ್ರೂ ಕ್ಷೇಮ ಅಂತ, ಅದಕ್ಕಿಂತ ಜಾಸ್ತಿ ಕೇಳಿದ್ರೆ ಉತ್ತರ ಕೊಡ್ಬೇಡಿ. ನನಗೂ ಕೊಡ್ಬೇಡಿ.

ಇನ್ನು ಡಬ್ಬಿ ವಿಷಯ. ಮುಚ್ಚಳದಲ್ಲಿ ಕೊನೇ ಹೆಸರು 2019ರದ್ದು. ಆಮೇಲೆ ಕೊರೋನಾ ಬಂತು, ಕ್ಯಾಂಪು ನಿಂತೋಯ್ತು, ಟೀಚರ್ ರಿಟೈರ್ ಆದ್ರು, ಸ್ಕೂಲಲ್ಲಿ ಗೈಡ್ಸೂ ನಿಂತೋಯ್ತು. ಹೋದ ವರ್ಷ ಬೀರು ಖಾಲಿ ಮಾಡುವಾಗ ಗುಜರಿಗೆ ಹಾಕೋ ರಾಶೀಲಿ ಇದು ಬಿದ್ದಿತ್ತಂತೆ, ಹಳೇ ಆಯಾ ಮುಚ್ಚಳ ತೆಗೆದು ನೋಡಿ ನನ್ನ ಹೆಸರು ಗುರುತು ಹಿಡಿದು ತಂದ್ಕೊಟ್ರು. ಮಗಳಿಗೆ ತೋರಿಸ್ದೆ. ಅವಳು ಒಂದೊಂದೇ ಹೆಸರು ಬೆರಳಿಟ್ಟು ಓದಿದ್ಲು, ನನ್ನ ಸೊಟ್ಟ ಅಕ್ಷರ ನೋಡಿ ನಕ್ಕು, ನಮ್ಮ ಕ್ಯಾಂಪಲ್ಲಿ ಇಂಥದ್ದು ಏನೂ ಇಲ್ವಲ್ಲಮ್ಮ ಅಂದ್ಲು.

ಮುಂದಿನ ಏಪ್ರಿಲಿಗೆ ಮಂಡ್ಯ ಮೈಸೂರು ಕಡೆ ಯಾರಾದ್ರೂ ಹೆಣ್ಮಕ್ಕಳಿಗೆ ಒಂದೇ ಒಂದು ರಾತ್ರಿಯ ಕ್ಯಾಂಪ್ ಮಾಡ್ತೀರಾದ್ರೆ ದಯವಿಟ್ಟು ಈ ಪತ್ರಿಕೆ ಮೂಲಕ ತಿಳಿಸಿ. ರಾತ್ರಿ ಪಾಳೀಲಿ ಎಚ್ಚರ ಇರೋಕೆ ನಾನು ಬರ್ತೀನಿ, ಸಂಬಳ ಬೇಡ. ಡಬ್ಬಿ ತರ್ತೀನಿ. ಬಟ್ಟೆ ತೆಗೆದು ಹೊಸ ಪ್ಯಾಡ್ ತುಂಬಿದ್ದೀನಿ, ಬೆಲ್ಲ ಇರುವೆ ಪಾಲಾಗಿತ್ತು ಬೇರೆ ಹಾಕಿದ್ದೀನಿ, ಬೂದಿ ಹಂಗೇ ಇದೆ. ಮುಚ್ಚಳದಲ್ಲಿ ಇನ್ನೂ ನಾಲ್ಕೈದು ಹೆಸರಿಗೆ ಜಾಗ ಇದೆ, ಪಿನ್ನು ಒಳಗೇ ಇದೆ.

ಇಂತಿ,
ಮಲ್ಲಿಗೆ ಪೆಟ್ರೋಲಿನ ಹಳೇ ಲೀಡರ್,
ಮಂಡ್ಯ