ಸುತ್ತಿ ಬರುವುದು ಬೇರೆ, ಸುತ್ತುತ್ತ ಇರುವುದು ಬೇರೆ

ಮಾನ್ಯ ಸಂಪಾದಕರೇ,

ನಾಲ್ವರನ್ನು ಚಂದ್ರನತ್ತ ಒಯ್ಯುವ ನಾಸಾ ಯಾನ ಆರ್ಟೆಮಿಸ್-2ರ ಸುದ್ದಿಗಳಲ್ಲಿ ‘ಚಂದ್ರನ ಕಕ್ಷೆಗೆ ಗಗನಯಾತ್ರಿಗಳು’ ಎಂಬ ಮಾತು ಮತ್ತೆ ಮತ್ತೆ ನುಸುಳುತ್ತದೆ. ಆ ಯಾನದ ಯೋಜನೆಯಲ್ಲಿ ನೌಕೆ ಚಂದ್ರನ ಕಕ್ಷೆ ಸೇರುವುದೇ ಇಲ್ಲ. ಚಂದ್ರನ ಬೆನ್ನ ಹಿಂದಿನಿಂದ ಒಮ್ಮೆ ಬಳಸಿಕೊಂಡು ಮರಳುತ್ತದೆ. ಪದದ ತಕರಾರೆಂದು ಇದನ್ನು ತಳ್ಳಿಹಾಕುವಂತಿಲ್ಲ, ನಾಲ್ವರ ಜೀವ ಯಾವುದನ್ನು ನೆಚ್ಚಿಕೊಂಡಿದೆ ಎಂಬ ಲೆಕ್ಕವೇ ಬದಲಾಗುತ್ತದೆ.

ಕಕ್ಷೆ ಸೇರಬೇಕಾದರೆ ಚಂದ್ರನ ಮರೆಯಲ್ಲಿ, ಭೂಮಿಯ ಜತೆ ರೇಡಿಯೊ ಸಂಪರ್ಕ ಇಲ್ಲದ ಹೊತ್ತಿನಲ್ಲಿ, ಎಂಜಿನ್ ಉರಿಸಿ ವೇಗ ತಗ್ಗಿಸಬೇಕು. ಹೊರಡುವಾಗ ಅದು ಮತ್ತೊಮ್ಮೆ ಹೊತ್ತಿಕೊಳ್ಳಬೇಕು. ಹೊತ್ತಿಕೊಳ್ಳದಿದ್ದರೆ ಅಲ್ಲೇ ಸುತ್ತುತ್ತಿರುವುದೇ ಗತಿ. 1968ರ ಡಿಸೆಂಬರ್‌ನಲ್ಲಿ ಅಪೊಲೊ-8 ಈ ಪಣ ಕಟ್ಟಿತ್ತು: ನಾಲ್ಕು ನಿಮಿಷದಷ್ಟು ಎಂಜಿನ್ ಉರಿಸಿ ಕಕ್ಷೆ ಸೇರಿತು, 20 ಗಂಟೆಯಲ್ಲಿ 10 ಸುತ್ತು ಹಾಕಿತು, ಮತ್ತೆ ಮೂರು ನಿಮಿಷಕ್ಕೂ ಹೆಚ್ಚು ಉರಿಸಿ ಹೊರಬಂತು. ಇದ್ದದ್ದು ಒಂದೇ ದೊಡ್ಡ ಎಂಜಿನ್. ಆಪತ್ತಿಗಾಗುವ ಲ್ಯಾಂಡರ್ ಕೂಡ ಜತೆಗಿರಲಿಲ್ಲ.

ಆರ್ಟೆಮಿಸ್-2ರ ಕ್ರಮ ಬೇರೆ. ಓರಿಯನ್ ನೌಕೆ ಮೊದಲು ಭೂಮಿಯ ಸುತ್ತಲೇ, ಸುಮಾರು 70,000 ಕಿ.ಮೀ. ಎತ್ತರ ಮುಟ್ಟುವ ಉದ್ದನೆಯ ಕಕ್ಷೆಯಲ್ಲಿ ಒಂದು ದಿನ ಕಳೆಯಬೇಕು. 2022ರಲ್ಲಿ ಯಾರೂ ಇಲ್ಲದೆ ಹಾರಿದ ಆರ್ಟೆಮಿಸ್-1ರಲ್ಲಿ ಜೀವಾಧಾರ ವ್ಯವಸ್ಥೆ ಪೂರ್ತಿ ಇರಲಿಲ್ಲ. ನಾಲ್ವರು ಮಲಗಿದಾಗ, ವ್ಯಾಯಾಮ ಮಾಡಿ ಏದುಸಿರು ಬಿಟ್ಟಾಗ, ಇಂಗಾಲದ ಡೈಆಕ್ಸೈಡನ್ನೂ ತೇವವನ್ನೂ ಯಂತ್ರ ಸರಿಯಾಗಿ ಹೀರುತ್ತದೆಯೇ ಎಂದು ಭೂಮಿಯ ಮಗ್ಗುಲಲ್ಲೇ ನೋಡಿಕೊಳ್ಳಬೇಕಲ್ಲ! ಕೈಕೊಟ್ಟರೆ ಬೇಗ ಇಳಿಯಬಹುದು. ಚಂದ್ರನತ್ತ ಹೊರಟ ಮೇಲಾದರೆ ಹೋಗಲು ನಾಲ್ಕು ದಿನ, ಬರಲು ನಾಲ್ಕು ದಿನ.

ಹೊರಡಿಸುವುದು ಓರಿಯನ್‌ನದೇ ಎಂಜಿನ್, ಸುಮಾರು ಆರು ನಿಮಿಷ ಉರಿದು. (ಹಿಂದೆ ಸ್ಪೇಸ್ ಶಟಲ್‌ನಲ್ಲಿ ದುಡಿದ ಬಗೆಯದೇ ಅದು.) ಚಂದ್ರ ಸಾಗುವ ದಾರಿಯ ಮುಂದೆ ಹಾದು, ಮರುಬದಿಯಲ್ಲಿ ಬಾಗಿ, ನೌಕೆ ಭೂಮಿಯತ್ತ ತಿರುಗುವಂತೆ ಆಗಲೇ ಗುರಿ ಹಿಡಿದಿರುತ್ತಾರೆ. ಬಾಗಿಸುವ ಕೆಲಸ ಚಂದ್ರನ ಗುರುತ್ವದ್ದು. ಆಮೇಲೆ ದೊಡ್ಡ ಎಂಜಿನ್ ಕೆಟ್ಟರೂ ದಾರಿ ಭೂಮಿಯ ಕಡೆಗೇ.

ಹಾಗೆಂದು ಸುಮ್ಮನೆ ಕೂರುವಂತಿಲ್ಲ. ಹೊರಡುವಾಗಿನ ವೇಗದಲ್ಲಿ ಸೆಕೆಂಡಿಗೆ ಒಂದು ಮೀಟರ್ ಹೆಚ್ಚುಕಮ್ಮಿಯಾದರೆ ಚಂದ್ರನ ಬಳಿ ಸಾವಿರಾರು ಕಿ.ಮೀ. ತಪ್ಪುತ್ತದೆ, ನಡುದಾರಿಯಲ್ಲಿ ಸಣ್ಣ ಎಂಜಿನ್‌ಗಳಿಂದ ತಿದ್ದುತ್ತಲೇ ಹೋಗಬೇಕು. 1970ರಲ್ಲಿ ಅಪೊಲೊ-13 ಇಳಿಯುವ ಜಾಗಕ್ಕಾಗಿ ಈ ಮರಳುಹಾದಿಯನ್ನು ಬಿಟ್ಟಿತ್ತು. ಆಮ್ಲಜನಕದ ಟ್ಯಾಂಕ್ ಸಿಡಿದ ಮೇಲೆ ಲ್ಯಾಂಡರ್‌ನ ಎಂಜಿನ್ನನ್ನು ಅರ್ಧ ನಿಮಿಷದಷ್ಟು ಉರಿಸಿ ಅದೇ ಹಾದಿಗೆ ಬರಬೇಕಾಯಿತು.

ಚಂದ್ರನ ಸಹಾಯ ಭೂಮಿಯ ವಾತಾವರಣದ ಅಂಚಿನ ತನಕ ಮಾತ್ರ. ಅಲ್ಲಿ ವೇಗ ಸೆಕೆಂಡಿಗೆ ಸುಮಾರು 11 ಕಿ.ಮೀ. ಆರ್ಟೆಮಿಸ್-1ರ ಉಷ್ಣಕವಚದ ಸುಟ್ಟ ಪದರ ನೂರಕ್ಕೂ ಹೆಚ್ಚು ಕಡೆ ಚೂರುಚೂರಾಗಿ ಕಿತ್ತುಹೋಗಿತ್ತು. ವಾತಾವರಣದಲ್ಲಿ ಒಮ್ಮೆ ಮುಳುಗಿ, ಮೇಲೆದ್ದು, ಮತ್ತೆ ಮುಳುಗುವ ಇಳಿತದ ನಡುವೆ ಶಾಖ ತಗ್ಗಿದಾಗ, ಒಳಗೆ ಹುಟ್ಟಿದ ಅನಿಲಕ್ಕೆ ಹೊರಬರಲು ರಂಧ್ರ ಸಾಲದೆ ಒತ್ತಡ ಏರಿ ಪದರ ಬಿರಿದಿತ್ತು. ಆರ್ಟೆಮಿಸ್-2ಕ್ಕೆ ನಾಸಾ ಕವಚ ಬದಲಿಸಲಿಲ್ಲ, ಇಳಿಯುವ ದಾರಿ ಬದಲಿಸಿತು. ಕಾರಣ ತಿಳಿದ ಮೇಲೆ ಕೈಗೊಂಡ ತೀರ್ಮಾನವಾದ್ದರಿಂದ ಒಪ್ಪಬಹುದು. ಆದರೆ ಇಡೀ ಯಾನದಲ್ಲಿ ಹೆಚ್ಚು ಪ್ರಶ್ನೆ ಕೇಳಬೇಕಾದ ಜಾಗ ಇದೇ. ವರದಿಗಳಲ್ಲಿ ಇದಕ್ಕೆ ಒಂದು ಸಾಲೂ ಸಿಗುವುದು ಅಪರೂಪ.

ಇನ್ನೊಂದು ಚಿಕ್ಕ ಬಿನ್ನಹ: ‘ಚಂದ್ರನ ಕತ್ತಲ ಬದಿ’ ಎಂದೂ ಬರೆಯಬೇಡಿ. ಅಲ್ಲಿಯೂ ಎರಡು ವಾರ ಬಿಸಿಲಿರುತ್ತದೆ. ‘ಮರುಬದಿ’ ಎಂದರೆ ಸಾಕು.

ಇಂತಿ,
ಒಬ್ಬ ಓದುಗ