ಸಹಿ ಹಾಕುವ ಮುಂಚೆ ಇದನ್ನು ಓದಿ, ಅಪ್ಪ

ವಿಲಿಸ್ಟನ್, ನಾರ್ತ್ ಡಕೋಟಾ, ಅಮೆರಿಕ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಸೋಲಾರ್ ಕಂಪನಿಯವರು ನಮ್ಮ ಶೇಂಗಾ ಹೊಲ ಗುತ್ತಿಗೆಗೆ ಕೇಳಿದ್ದಾರೆ ಅಂದಿರಿ. ಫೋನಿನಲ್ಲಿ ಪೂರ್ತಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ರೈತರ ಹೊಲದಡಿ, ಸುಮಾರು ಮೂರು ಕಿಲೋಮೀಟರ್ ಆಳದಲ್ಲಿ, ಬಾಕೆನ್ ಎಂಬ ಕಲ್ಲಿನ ಪದರದಲ್ಲಿ ಎಣ್ಣೆಯಿದೆ. ನಮ್ಮಲ್ಲಾದರೆ ಪಹಣಿ ಯಾರ ಹೆಸರಿನಲ್ಲಿದ್ದರೂ ಎಣ್ಣೆ ತೆಗೆಯಲು ಗುತ್ತಿಗೆ ಕೊಡುವುದು ಸರ್ಕಾರ, ರಾಯಲ್ಟಿಯೂ ಅದಕ್ಕೇ. ಇಲ್ಲಿ ಆ ಹಕ್ಕು ಹೆಚ್ಚಾಗಿ ಖಾಸಗಿಯವರ ಆಸ್ತಿ. ಕಂಪನಿ ಅವರ ಹತ್ತಿರವೇ ಕರಾರು ಮಾಡಿಕೊಂಡು ಎಂಟನೇ ಒಂದೋ, ಆರನೇ ಒಂದೋ ಪಾಲು ಕೊಡುತ್ತದೆ.

ಪಕ್ಕದ ಮನೆಯ ಅಜ್ಜ ಗೋಧಿ ಬೆಳೆದವರು. ಮೊನ್ನೆ ಚೆಕ್ಕಿನ ಜೊತೆ ಬರುವ ಚೀಟಿ ತೋರಿಸಿದರು: ಎಷ್ಟು ಬ್ಯಾರೆಲ್, ಏನು ದರ, ಎಷ್ಟು ತೆರಿಗೆ, ಕೊನೆಗೆ ಅವರ ಪಾಲು, ದಶಮಾಂಶದ ನಂತರ ಎಂಟು ಅಂಕಿ! ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಅಷ್ಟಕ್ಕಿಳಿದರೂ ಅವರ ಬ್ಯಾಂಕ್ ಸಾಲವೆಲ್ಲ ತೀರಿದೆ. ಊರೂ ಬೆಳೆಯಿತು. 2010ರಲ್ಲಿ 14,716 ಇದ್ದ ಜನ 2020ಕ್ಕೆ 29,160 ಆದರು.

ಆದರೆ ಅವರ ಬದುವಿನಾಚೆಯ ರೈತನ ಪಾಡು ಬೇರೆ. 1930ರ ದಶಕದ ಬರಗಾಲದಲ್ಲಿ ಅವರ ಹೊಲ ಸಾಲಕ್ಕೆ ಹೋಗಿತ್ತು. ಆಮೇಲೆ ಮನೆಯವರು ಕೊಂಡುಕೊಂಡಾಗ ಮೇಲಿನ ಮಣ್ಣಷ್ಟೇ ಬಂತು, ಒಳಗಿನ ಹಕ್ಕು ಮಾರಿದವರಲ್ಲೇ ಉಳಿಯಿತು. ಈಗ ಅವರ ಹೊಲದ ನಡುವೆಯೇ ಪಂಪು ಹಗಲೂ ರಾತ್ರಿ ಏತದಂತೆ ಏಳುತ್ತದೆ, ಬೀಳುತ್ತದೆ. ಲಾರಿಗಳ ಧೂಳು, ಉರಿಯುವ ಗ್ಯಾಸಿನ ಬೆಳಕು ಅವರ ಪಾಲಿಗೆ. ಬೆಳೆ ಹಾನಿಗೆ ಪರಿಹಾರ ಸಿಗುತ್ತದೆ, ಎಣ್ಣೆಯಲ್ಲಿ ಪಾಲಿಲ್ಲ. ನನಗೆ ಇದು ಅನ್ಯಾಯವೆಂದೇ ಅನಿಸುತ್ತದೆ.

ಪಾಲಿದ್ದವರಿಗೂ ದರ ನಂಬುವ ಹಾಗಿಲ್ಲ. 2014ರಲ್ಲಿ 100 ಡಾಲರ್ ದಾಟಿದ್ದ ಬ್ಯಾರೆಲ್ 2016ರ ಆರಂಭದಲ್ಲಿ 30ಕ್ಕಿಂತ ಕೆಳಗಿಳಿಯಿತು. ಇಲ್ಲಿನ ಜನ 2010ರಲ್ಲೇ ಮತ ಹಾಕಿ, ರಾಜ್ಯಕ್ಕೆ ಬರುವ ಎಣ್ಣೆ ತೆರಿಗೆಯಲ್ಲಿ ಶೇ. 30ರಷ್ಟನ್ನು ನಿಧಿಯಾಗಿ ತೆಗೆದಿಡುವಂತೆ ಮಾಡಿದ್ದರು. ಎಷ್ಟು ಒಳ್ಳೆಯ ಕೆಲಸ ಅದು!

ಆದ್ದರಿಂದ ಅಪ್ಪ, ಹೊಲ ಮಾರಲೇಬೇಡಿ. ಪಾವಗಡದ ಸೋಲಾರ್ ಪಾರ್ಕಿಗೆ ಹೊಲ ಕೊಟ್ಟ ರೈತರೂ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಕೊಟ್ಟರು. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ಕಿತ್ತು ಹೊಲ ಹಸನು ಮಾಡಿಕೊಡುವವರು ಯಾರು, ಬೋರ್‌ವೆಲ್ ನೀರು ಯಾರದ್ದು, ಇದೆಲ್ಲ ಕರಾರಿನಲ್ಲಿ ಬರೆದಿರಬೇಕು. ಬಾಯಿಮಾತು ಬೇಡ. ಚಿಕ್ಕಪ್ಪನ ಪಾಲಿನ ಪೋಡಿ ಇನ್ನೂ ಆಗಿಲ್ಲ, ಮೊದಲು ಸರ್ವೆಯವರನ್ನು ಕರೆಸಿ ಅದನ್ನು ಮುಗಿಸಿ. ಕರಾರಿನ ಪ್ರತಿ ವಾಟ್ಸಾಪಿನಲ್ಲಿ ಕಳಿಸಿ, ನಾನೂ ಓದುತ್ತೇನೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು